ಒಡೆದ ಮುದ್ರೆಯ ಲೆಕ್ಕ

ದಕ್ಷಿಣ ಇರಾಕಿನ ಹಳೆಯ ದಿಬ್ಬಗಳನ್ನು ಅಗೆಯುವವರಿಗೆ ಮುರಿದ ಮಣ್ಣಿನ ತುಂಡುಗಳು ಸಿಗುತ್ತವೆ. ಬಹಳಷ್ಟು ಹೆಬ್ಬೆರಳಿನಷ್ಟೇ ದೊಡ್ಡವು. ಸುಟ್ಟ ಮಡಕೆಯ ಗಟ್ಟಿತನ ಅವಕ್ಕಿಲ್ಲ, ನೀರಲ್ಲಿ ನೆನೆದರೆ ಕರಗಿಯೇ ಹೋಗುತ್ತವೆ. ಒಂದು ಮೈಯಲ್ಲಿ ಚಿತ್ರದ ಅಚ್ಚು ಇರುತ್ತದೆ: ಸಾಲುಗಟ್ಟಿ ಹೊರಟ ದನ, ಕೈ ಕಟ್ಟಿಸಿಕೊಂಡ ಸೆರೆಯಾಳು, ದೋಣಿಯಲ್ಲಿ ನಿಂತ ಗಡ್ಡದ ಮನುಷ್ಯ. ಇನ್ನೊಂದು ಮೈಯಲ್ಲಿ ಹುರಿಯ ಹೊಸೆತ, ಚಾಪೆಯ ಹೆಣಿಗೆ, ಗೂಟ ಕೂತಿದ್ದ ದುಂಡು ತಗ್ಗು. ಕ್ರಿ.ಪೂ. 3300ರ ಸುಮಾರಿಗೆ ಹತ್ತಾರು ಸಾವಿರ ಜನರಿದ್ದ ಊರುಕ್ ಪಟ್ಟಣದಲ್ಲಿ ಉಗ್ರಾಣಗಳ ಆಡಳಿತ ನಿಂತಿದ್ದದ್ದು ಇಂಥ ಮಣ್ಣಿನ ಮೇಲೆ.

ಈ ತುಂಡುಗಳನ್ನು ಬಹುಕಾಲ ಚಿತ್ರದ ಕಡೆಯಿಂದ ಮಾತ್ರ ನೋಡಲಾಯಿತು. ಶೈಲಿ ಯಾವುದು, ಕಾಲ ಯಾವುದು, ಆ ದೇವತೆ ಯಾರು ಎಂಬ ಪ್ರಶ್ನೆಗಳೇ ಮುಂದಿದ್ದವು. ಬೆನ್ನನ್ನು ತಿರುಗಿಸಿ ನೋಡಿದವರು ಕಡಿಮೆ. 1960ರ ದಶಕದಲ್ಲಿ ಇಟಲಿಯ ಎನ್ರಿಕಾ ಫಿಯಾಂದ್ರಾ ಕ್ರೀಟ್ ದ್ವೀಪದ ಫೈಸ್ಟೋಸ್ ಅರಮನೆಯಲ್ಲಿ ಸಿಕ್ಕ ಮುದ್ರೆಮಣ್ಣುಗಳ ಬೆನ್ನನ್ನು ಓದತೊಡಗಿದರು. ಜಾಡಿ ಅಥವಾ ಮೂಟೆಗೆ ಹಚ್ಚಿದ್ದೆಂದು ಎಲ್ಲರೂ ಅಂದುಕೊಂಡಿದ್ದ ಎಷ್ಟೋ ತುಂಡುಗಳು ಅಸಲಿಗೆ ಬಾಗಿಲಿಗೆ ಹಚ್ಚಿದವು ಎಂಬುದು ಅವರಿಗೆ ಗೊತ್ತಾಯಿತು. ಸಾಮಾನಿನ ಜೊತೆ ದೂರದಿಂದ ಬಂದಿರಬಹುದೆಂದಿದ್ದ ಮಣ್ಣು ಅದೇ ಕಟ್ಟಡದ ಕದದ್ದು ಎಂದಾಗ ಇಡೀ ಕತೆಯೇ ಬದಲಾಗುತ್ತದೆ. ಅಲ್ಲಿಂದ ಮುಂದೆ ಮೆಸೊಪೊಟೇಮಿಯಾದ ಮುದ್ರೆಗಳನ್ನು ನೋಡುವ ರೀತಿಯೂ ಬದಲಾಯಿತು.

ಮೊದಲು ಬಾಗಿಲನ್ನೇ ನೋಡೋಣ. ಉಗ್ರಾಣದ ಕದದ ಪಕ್ಕದ ಗೋಡೆಯಲ್ಲಿ ಒಂದು ಗೂಟ ನೆಟ್ಟಿರುತ್ತದೆ. ಕದಕ್ಕೆ ಬಿಗಿದ ಹುರಿಯನ್ನು ಎಳೆದು ಗೂಟಕ್ಕೆ ಸುತ್ತುತ್ತಾರೆ. ಹುರಿಯ ಸುತ್ತುಗಳ ಮೇಲೆ ಹಸಿ ಜೇಡಿಮಣ್ಣನ್ನು ಮೆತ್ತಿ, ಅದು ಒಣಗುವ ಮೊದಲೇ ಮುದ್ರೆಯನ್ನು ಅದರ ಮೇಲೆ ಉರುಳಿಸುತ್ತಾರೆ. ಅಷ್ಟೇ ಕೆಲಸ. ಮಣ್ಣು ಒಣಗಿದ ಮೇಲೆ ಆ ಹುರಿಯನ್ನು ಬಿಚ್ಚಬೇಕಾದರೆ ಮಣ್ಣನ್ನು ಒಡೆಯಲೇಬೇಕು. ಒಡೆದವರು ಹಾಗೇ ಮತ್ತೆ ಮೆತ್ತಿಡಬಹುದಲ್ಲ ಎಂದರೆ, ಅದೇ ಚಿತ್ರ ಮೂಡಿಸಲು ಅದೇ ಮುದ್ರೆ ಬೇಕು, ಆ ಮುದ್ರೆ ಇರುವುದು ಒಬ್ಬ ಅಧಿಕಾರಿಯ ಬಳಿ.

ಮುಷ್ಟಿಯಷ್ಟು ಮಣ್ಣು ಕಳ್ಳನನ್ನು ತಡೆಯುತ್ತದೆಯೇ? ಇಲ್ಲ. ಒಂದು ಏಟಿಗೆ ಪುಡಿಯಾಗುತ್ತದೆ. ಮನೆಯ ಕರೆಂಟ್ ಮೀಟರಿಗೆ ತಂತಿ ಕಟ್ಟಿ ಹಾಕಿದ ಸೀಲನ್ನು ಕಿತ್ತುಹಾಕಲು ಬಲವೇನೂ ಬೇಕಿಲ್ಲ, ಆದರೂ ಯಾರೂ ಕೈ ಹಚ್ಚುವುದಿಲ್ಲ. ಮುಂದಿನ ಸಲ ಬಂದವನು ನೋಡುತ್ತಾನೆ, ಉತ್ತರ ಕೊಡಬೇಕಾದವರು ಯಾರೆಂದು ಅವನಿಗೆ ಗೊತ್ತಿರುತ್ತದೆ. ಊರುಕ್‌ನ ಮಣ್ಣಿನದ್ದೂ ಇದೇ ತರ್ಕ. ಹೊರಗಿನ ಕಳ್ಳನಿಗೆ ಗೋಡೆಯಿದೆ, ಕಾವಲಿದೆ. ಈ ಏರ್ಪಾಡು ಹುಟ್ಟಿದ್ದು ಒಳಗಿನವರಿಗಾಗಿ: ಬಾಗಿಲು ತೆಗೆಯುವ ಹಕ್ಕಿರುವ ಉಗ್ರಾಣಿ, ಅಳೆದುಕೊಡುವವನು, ಹೊತ್ತುಕೊಂಡು ಹೋಗುವವನು. ಇವರಲ್ಲಿ ಯಾರ ಕೈ ಎಷ್ಟು ಹೊತ್ತಿಗೆ ಸರಕಿನ ಮೇಲಿತ್ತು ಎಂದು ಹೇಳಲು ಸಾಧ್ಯವಾಗಬೇಕು. ದೇವಾಲಯದ ನೆರಳಲ್ಲಿ ಎಲ್ಲರೂ ಹಂಚಿಕೊಂಡು ಬದುಕಿದ ಸಮಾಜವೆಂದು, ಊರುಕ್ ಇದ್ದ ಸುಮೇರಿಯಾವನ್ನು ಬಣ್ಣಿಸುವ ಬರಹಗಳಿವೆ. ಬಾಗಿಲು ಬಾಗಿಲಿಗೂ ಮಣ್ಣು ಮೆತ್ತಿದ ಈ ಜನ ಒಬ್ಬರನ್ನೊಬ್ಬರು ಅಷ್ಟಾಗಿ ನಂಬಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಜಾಡಿಗೆ ಬೇರೆ ವಿಧಾನ. ಬಾಯಿಗೆ ಬಟ್ಟೆ ಅಥವಾ ತೊಗಲು ಮುಚ್ಚಿ, ಕೊರಳಿಗೆ ಹುರಿ ಬಿಗಿದು, ಗಂಟಿನ ಮೇಲೆ ಮಣ್ಣು ಹಚ್ಚಿ ಮುದ್ರೆ ಒತ್ತುತ್ತಿದ್ದರು. ಕೆಲವೊಮ್ಮೆ ಇಡೀ ಬಾಯಿಯನ್ನೇ ಮಣ್ಣಿನಿಂದ ಮುಚ್ಚುತ್ತಿದ್ದರು. ಜೊಂಡಿನ ಬುಟ್ಟಿ, ತೊಗಲಿನ ಚೀಲ, ಮರದ ಪೆಟ್ಟಿಗೆ, ಎಲ್ಲಕ್ಕೂ ಮಣ್ಣು ಹಚ್ಚಬಹುದು, ಎಲ್ಲವೂ ತಮ್ಮ ಗುರುತನ್ನು ಮಣ್ಣಿನ ಬೆನ್ನಲ್ಲಿ ಬಿಡುತ್ತವೆ. ಜಾಡಿಯ ಅಂಚಿನ ಬಾಗು ನೋಡಿ ಅದರ ಬಾಯಿ ಎಷ್ಟು ಅಗಲವಿತ್ತೆಂದು ಅಳೆಯುತ್ತಾರೆ. ಹುರಿಯನ್ನು ಯಾವ ಕಡೆಗೆ ಹೊಸೆದಿದ್ದರು, ಬಟ್ಟೆಯ ನೇಯ್ಗೆ ಎಷ್ಟು ಒತ್ತಾಗಿತ್ತು ಎಂಬುದೂ ಕಾಣುತ್ತದೆ. ಆ ಬಟ್ಟೆ, ಬುಟ್ಟಿ, ಹುರಿ ಎಲ್ಲ 5,000 ವರ್ಷದ ಹಿಂದೆಯೇ ಮಣ್ಣುಪಾಲಾದವು. ಅವು ಇದ್ದವೆಂದು ಹೇಳಲು ಉಳಿದಿರುವುದು ಈ ಉಲ್ಟಾ ಅಚ್ಚು ಮಾತ್ರ. ಮಣ್ಣು ಯಾವ ಊರಿನದೆಂದು ಈಗ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಸ್ಥಳೀಯ ಮಣ್ಣಾದರೆ ಮುದ್ರೆ ಒತ್ತಿದ್ದು ಅಲ್ಲೇ, ಬೇರೆ ಮಣ್ಣಾದರೆ ಸರಕು ಮುದ್ರೆ ಸಮೇತ ಬಂದಿದೆ.

ಒಡೆದ ಮೇಲೆ ತುಂಡನ್ನು ಏನು ಮಾಡುತ್ತಿದ್ದರು? ಈ ವ್ಯವಸ್ಥೆಯ ಅತ್ಯಂತ ಜಾಣತನದ ಭಾಗ ಇದೇ ಎಂದು ನನಗೆ ತೋರುತ್ತದೆ, ಮತ್ತು ಇದನ್ನು ಅತ್ಯಂತ ಚೆನ್ನಾಗಿ ತೋರಿಸಿಕೊಟ್ಟ ಜಾಗ ಸುಮೇರಿಯಾದಲ್ಲಿಲ್ಲ. ಅದು ಯೂಫ್ರೆಟಿಸ್ ನದಿಯ ಮೇಲ್ಭಾಗದಲ್ಲಿ, ಪೂರ್ವ ಟರ್ಕಿಯ ಮಲತ್ಯಾ ಬಳಿಯಿರುವ ಅರ್ಸ್ಲಾನ್‌ತೆಪೆ. ಕ್ರಿ.ಪೂ. 4ನೆಯ ಸಹಸ್ರಮಾನದ ಕೊನೆಯ ಶತಮಾನಗಳಲ್ಲಿ, ಊರುಕ್ ಉಚ್ಛ್ರಾಯದಲ್ಲಿದ್ದಾಗಲೇ, ಅಲ್ಲೊಂದು ಅರಮನೆ ಇತ್ತು. ಮಾರ್ಚೆಲ್ಲಾ ಫ್ರಾಂಜಿಪಾನೆ ನೇತೃತ್ವದ ಇಟಲಿಯ ತಂಡಕ್ಕೆ ಅಲ್ಲಿ 2,000ಕ್ಕೂ ಹೆಚ್ಚು ಮುದ್ರೆಮಣ್ಣಿನ ತುಂಡುಗಳು ಸಿಕ್ಕವು. ಅವುಗಳ ಮೇಲೆ 200ಕ್ಕೂ ಹೆಚ್ಚು ಬೇರೆ ಬೇರೆ ಮುದ್ರೆಗಳನ್ನು ಗುರುತಿಸಿದ್ದಾರೆ. ಹೆಚ್ಚಿನ ತುಂಡುಗಳು ಸಿಕ್ಕಿದ್ದು ಕಸ ಸುರಿದ ಒಂದು ಜಾಗದಲ್ಲಿ. ಆದರೆ ಆ ಕಸಕ್ಕೊಂದು ಕ್ರಮವಿತ್ತು. ತುಂಡುಗಳು ಗುಂಪು ಗುಂಪಾಗಿ, ಪದರ ಪದರವಾಗಿ ಬಿದ್ದಿದ್ದವು. ಅಂದರೆ ಒಡೆದ ಕೂಡಲೇ ಬಿಸಾಡಿರಲಿಲ್ಲ. ಎತ್ತಿಟ್ಟು, ವಿಂಗಡಿಸಿ, ಲೆಕ್ಕ ತಾಳೆಯಾದ ಮೇಲೆ ಒಂದು ಕಂತಿನದ್ದನ್ನು ಒಟ್ಟಿಗೆ ತಂದು ಸುರಿದಿದ್ದರು.

ಈಗ ವ್ಯವಸ್ಥೆ ಪೂರ್ತಿ ಕಾಣುತ್ತದೆ. ಒಬ್ಬ ಅಧಿಕಾರಿ ಬಾಗಿಲು ತೆರೆದು ಧಾನ್ಯ ಕೊಟ್ಟು ಮತ್ತೆ ಮುಚ್ಚಿ ತನ್ನ ಮುದ್ರೆ ಹಾಕುತ್ತಾನೆ. ಹಿಂದಿನ ಮುದ್ರೆಯ ತುಂಡುಗಳನ್ನು ಎತ್ತಿಡುತ್ತಾನೆ. ಚೀಲ, ಜಾಡಿ ಬಿಚ್ಚಿದಾಗಲೂ ಹಾಗೆಯೇ. ಲೆಕ್ಕ ನೋಡುವ ದಿನ ತುಂಡುಗಳನ್ನು ಮುಂದಿಟ್ಟುಕೊಂಡರೆ ಯಾವ ಬಾಗಿಲು ಎಷ್ಟು ಸಲ ತೆರೆಯಿತು, ಯಾರ ಮುದ್ರೆಯ ಕೆಳಗೆ ತೆರೆಯಿತು, ಎಷ್ಟು ಚೀಲ ಬಿಚ್ಚಿದರು ಎಂಬುದೆಲ್ಲ ಸಿಗುತ್ತದೆ. ಒಂದಕ್ಷರವನ್ನೂ ಬರೆದಿಲ್ಲ, ಆದರೂ ಚೀಟಿಯಿದೆ, ಸಹಿಯಿದೆ, ಕಡತವಿದೆ. ಅರ್ಸ್ಲಾನ್‌ತೆಪೆಯಲ್ಲಿ ಬರವಣಿಗೆ ಇರಲೇ ಇಲ್ಲ. ತುಂಡುಗಳ ಜೊತೆ ಸಿಕ್ಕ ರಾಶಿ ರಾಶಿ ಒರಟು ಬಟ್ಟಲುಗಳು ಅಲ್ಲಿ ದುಡಿಯುವವರಿಗೆ ಊಟ ಹಂಚುತ್ತಿದ್ದರೆಂದು ಹೇಳುತ್ತವೆ. ಊರುಕ್ ಕಡೆಯೂ ಓರೆಯಂಚಿನ ಒರಟು ಬಟ್ಟಲು ಎಲ್ಲಿ ಅಗೆದರೂ ಸಿಗುತ್ತದೆ. ಪಡಿ ಅಳೆಯುವುದಕ್ಕೆ ಎನ್ನುವವರಿದ್ದಾರೆ, ರೊಟ್ಟಿ ಬೇಯಿಸುವ ಅಚ್ಚು ಎನ್ನುವವರೂ ಇದ್ದಾರೆ.

ಮಣ್ಣಿಗೆ ಮುದ್ರೆ ಹಾಕುವ ಈ ಪದ್ಧತಿಯನ್ನು ಕಂಡುಹಿಡಿದದ್ದು ಸುಮೇರಿಯನ್ನರಲ್ಲ. ಸಿರಿಯಾದ ತೆಲ್ ಸಬಿ ಅಬ್ಯದ್‌ನಲ್ಲಿ ಕ್ರಿ.ಪೂ. 6000ದ ಸುಮಾರಿಗೆ ಸುಟ್ಟುಹೋದ ಹಳ್ಳಿಯೊಂದರಲ್ಲಿ 300ರಷ್ಟು ಮುದ್ರೆಮಣ್ಣಿನ ತುಂಡುಗಳು ಸಿಕ್ಕಿವೆ. ರಾಜನಿಲ್ಲ, ಪಟ್ಟಣವಿಲ್ಲ, ಆದರೂ ಬುಟ್ಟಿಗಳಿಗೆ ಮುದ್ರೆ ಬಿದ್ದಿದೆ. ಕುರಿ ಮೇಯಿಸಲು ದೂರ ಹೋಗುವವರು ತಮ್ಮ ಸಾಮಾನನ್ನು ಊರಲ್ಲಿ ಮುದ್ರೆ ಹಾಕಿಟ್ಟು ಹೋಗುತ್ತಿದ್ದಿರಬೇಕೆಂದು ಅಲ್ಲಿ ಅಗೆದವರು ಊಹಿಸುತ್ತಾರೆ. ಬೆಂಕಿ ಬಿದ್ದದ್ದರಿಂದಲೇ ಹಸಿ ಮಣ್ಣು ಸುಟ್ಟು ನಮ್ಮವರೆಗೆ ಉಳಿಯಿತು. ಬೆಂಕಿ ಬೀಳದ ಊರುಗಳಲ್ಲಿ ಎಷ್ಟು ಮಣ್ಣು ಮತ್ತೆ ನೆನೆದು ಹೊಸ ಮುದ್ರೆಯಾಯಿತೋ, ಗೋಡೆಗೆ ಸೇರಿತೋ.

ಆ ಹಳೆಯ ಮುದ್ರೆಗಳು ಒತ್ತುವಂಥವು, ಚಪ್ಪಟೆ. ಉರುಳಿಸುವ ಮುದ್ರೆ ಬಂದದ್ದು ಊರುಕ್ ಕಾಲದಲ್ಲಿ, ಕ್ರಿ.ಪೂ. 4ನೆಯ ಸಹಸ್ರಮಾನದ ನಡುಭಾಗದ ನಂತರ. ಬೆರಳಿನ ಒಂದೆರಡು ಗೆಣ್ಣಿನಷ್ಟು ಉದ್ದದ ಕಲ್ಲಿನ ಉರುಳೆ, ನಡುವೆ ಉದ್ದಕ್ಕೆ ಕೊರೆದ ತೂತು, ಮೈಸುತ್ತ ತಗ್ಗಾಗಿ ಕೆತ್ತಿದ ಚಿತ್ರ. ಹುರಿ ಪೋಣಿಸಿ ಕೊರಳಿಗೋ ಮುಂಗೈಗೋ ಕಟ್ಟಿಕೊಳ್ಳಬಹುದು. ಸುಣ್ಣದ ಕಲ್ಲು, ಅಮೃತಶಿಲೆ, ಬಳಪದ ಕಲ್ಲು ಎಲ್ಲವೂ ಬಳಕೆಯಲ್ಲಿದ್ದವು. ಆಮೇಲೆ ಅಫ್ಘಾನಿಸ್ತಾನದ ಬದಖ್ಶಾನದಿಂದ ಬರುತ್ತಿದ್ದ ನೀಲಿ ಲಾಜವರ್ದ ಕಲ್ಲು ದೊಡ್ಡವರ ಮುದ್ರೆಗೆ ಬಂತು. ಊರ್ ಪಟ್ಟಣದ ರಾಜಸಮಾಧಿಗಳಲ್ಲಿ ಪುಆಬಿ ರಾಣಿಯ ಬಳಿ ಸಿಕ್ಕ ಮುದ್ರೆ ಆ ಕಲ್ಲಿನದು, ಅದರ ಮೇಲೆ ಅವಳ ಹೆಸರಿದೆ.

ಚಪ್ಪಟೆ ಮುದ್ರೆಯನ್ನು ಬಿಟ್ಟು ಉರುಳೆಗೆ ಬಂದದ್ದು ಏಕೆ? ಬಾಗಿಲಿನ ಗೂಟಕ್ಕೆ ಮೆತ್ತಿದ ಮಣ್ಣು ದೊಡ್ಡದು, ಉಬ್ಬುತಗ್ಗಿನದು. ಚಪ್ಪಟೆ ಮುದ್ರೆಯಿಂದ ಅದನ್ನು ಪೂರ್ತಿ ತುಂಬಿಸಬೇಕಾದರೆ ಹತ್ತಿಪ್ಪತ್ತು ಸಲ ಒತ್ತಬೇಕು, ನಡುವೆ ಖಾಲಿ ಜಾಗ ಉಳಿಯುತ್ತದೆ, ಅಲ್ಲಿ ಯಾರಾದರೂ ಕೊರೆದು ಮತ್ತೆ ಮುಚ್ಚಬಹುದು. ಉರುಳೆಯಾದರೆ ಒಂದೆರಡು ಸಲ ಉರುಳಿಸಿದರೆ ಚಿತ್ರ ಕಡಿಯದೆ ಪಟ್ಟಿಯಂತೆ ಹಬ್ಬುತ್ತದೆ, ಎಲ್ಲಿ ಕೈ ಹಾಕಿದರೂ ಚಿತ್ರ ಹರಿಯುತ್ತದೆ. ಕೆತ್ತಲು ಜಾಗವೂ ಹೆಚ್ಚು. ಅಧಿಕಾರಿಗಳು ಹೆಚ್ಚಾದ ಹಾಗೆ ಒಂದಕ್ಕೊಂದು ಹೋಲದ ಚಿತ್ರಗಳೂ ಹೆಚ್ಚು ಬೇಕಾಗುತ್ತವೆ.

ಇಲ್ಲೊಂದು ವಿಚಿತ್ರ. ರಾಜನೂ ಪುರೋಹಿತನೂ ಆಗಿದ್ದವನಂತೆ ಕಾಣುವ ಗಡ್ಡದ ಮನುಷ್ಯ, ದೇವಸ್ಥಾನದ ಮಂದೆ, ಸೆರೆಯಾಳುಗಳು, ಇಂಥ ಸೊಗಸಾದ ಕೆತ್ತನೆಯ ಮುದ್ರೆಗಳ ಅಚ್ಚು ಮಣ್ಣಿನ ಮೇಲೆ ಧಾರಾಳವಾಗಿದೆ, ಕಲ್ಲಿನ ಮುದ್ರೆ ಸಿಗುವುದೇ ಅಪರೂಪ. ಜಡೆ ಬಿಟ್ಟ ಹೆಂಗಸರು ನೆಲದಲ್ಲಿ ಕೂತು ನೂಲು, ಮಡಕೆಯ ಕೆಲಸ ಮಾಡುವ ಒರಟು ಕೊರೆತದ ಗಿಡ್ಡ ಮುದ್ರೆಗಳು ಕಲ್ಲಿನಲ್ಲಿ ಬೇಕಾದಷ್ಟು ಸಿಗುತ್ತವೆ, ಅವುಗಳ ಅಚ್ಚೇ ಅಪರೂಪ. ಎರಡಕ್ಕೂ ಬೇರೆ ಬೇರೆ ಉಪಯೋಗವಿತ್ತೆಂಬುದಂತೂ ಇದರಿಂದ ತಿಳಿಯುತ್ತದೆ.

ಬಾಗಿಲು, ಜಾಡಿಗಳಿಗೆ ಹಚ್ಚಿದ ಮಣ್ಣಿಗೆ ಒಂದು ಕೊರತೆಯಿತ್ತು. ಯಾರು ಹೊಣೆ ಎಂದು ಅದು ಹೇಳುತ್ತದೆ, ಒಳಗೆ ಎಷ್ಟಿದೆ ಎಂದು ಹೇಳುವುದಿಲ್ಲ. ಊರುಕ್, ಇರಾನಿನ ಸೂಸಾ, ಛೋಗಾ ಮಿಶ್, ಸಿರಿಯಾದ ಹಬೂಬಾ ಕಬೀರಾ, ಹೀಗೆ ದೂರದೂರದ ಊರುಗಳಲ್ಲಿ ಒಂದೇ ಉಪಾಯ ಕಾಣಿಸಿಕೊಂಡಿತು. ಎಣಿಕೆಯ ಮಣ್ಣಿನ ಹರಳುಗಳನ್ನು, ಗೋಲಿ, ಶಂಕು, ಬಿಲ್ಲೆ ಆಕಾರದವನ್ನು, ಪೊಳ್ಳು ಮಣ್ಣುಂಡೆಯೊಳಗೆ ಹಾಕಿ ಮುಚ್ಚಿ ಮೈಯೆಲ್ಲ ಮುದ್ರೆ ಉರುಳಿಸುವುದು. ಹಲವು ಉಂಡೆಗಳಲ್ಲಿ ನಡುವಿಗೊಂದು ಮುದ್ರೆ, ಮೇಲೆ ಕೆಳಗೆ ಬೇರೆ ಮುದ್ರೆ ಇದೆ. ಅಂದರೆ ಒಬ್ಬರಿಗಿಂತ ಹೆಚ್ಚು ಜನ ಆ ಲೆಕ್ಕಕ್ಕೆ ಬದ್ಧರು. ತಕರಾರು ಬಂದರೆ ಎಲ್ಲರ ಮುಂದೆ ಒಡೆದು ಎಣಿಸಿದರಾಯಿತು. ಇಂದಿಗೂ ಒಡೆಯದೆ ಉಳಿದ ಕೆಲವನ್ನು ಷಿಕಾಗೋದಲ್ಲಿ ಸ್ಕ್ಯಾನ್ ಮಾಡಿ ಒಳಗಿನ ಹರಳುಗಳನ್ನು ನೋಡಿದ್ದಾರೆ.

ಇಂಥ ಉಂಡೆ ಹೇಗೆ ಕೆಲಸ ಮಾಡುತ್ತಿತ್ತೆಂಬುದಕ್ಕೆ ಸುಳಿವು ಸಿಕ್ಕಿದ್ದು ಬಹಳ ಈಚಿನ ಕಾಲದ ಒಂದು ಉದಾಹರಣೆಯಿಂದ. ಉತ್ತರ ಇರಾಕಿನ ನೂಜಿಯಲ್ಲಿ ಕ್ರಿ.ಪೂ. 2ನೆಯ ಸಹಸ್ರಮಾನದ ಒಂದು ಮೊಟ್ಟೆಯಾಕಾರದ ಉಂಡೆ ಸಿಕ್ಕಿತು. ಅದರ ಮೇಲೆ ಕುರಿಮೇಕೆಗಳ ಪಟ್ಟಿ ಬರೆದಿತ್ತು: ಮರಿ ಹಾಕಿದ 21 ಕುರಿ, 6 ಹೆಣ್ಣುಮರಿ, 8 ಟಗರು, 4 ಗಂಡುಮರಿ, 6 ಮೇಕೆ, 1 ಹೋತ, 3 ಮೇಕೆಮರಿ. ಜೊತೆಗೆ ಜಿಕರ್ರು ಎಂಬ ಕುರುಬನ ಮುದ್ರೆ. ಒಟ್ಟು 49. ಉಂಡೆಯನ್ನು ತೆರೆದಾಗ ಒಳಗೆ ಸಿಕ್ಕ ಕಲ್ಲಿನ ಹರಳುಗಳೂ ಅಷ್ಟೇ. ಅಕ್ಷರ ಬಲ್ಲವನಿಗೆ ಪಟ್ಟಿ, ಬಾರದವನಿಗೆ ಹರಳು. 1959ರಲ್ಲಿ ಲಿಯೊ ಒಪ್ಪೆನ್‌ಹೈಮ್ ಇದರ ಮಹತ್ವವನ್ನು ಬರೆದರು. ಪಿಯರ್ ಅಮಿಯೆ ಸೂಸಾದ ಹಳೆಯ ಉಂಡೆಗಳನ್ನು ಇದೇ ಬೆಳಕಿನಲ್ಲಿ ನೋಡಿದರು. ಆಮೇಲೆ ಡೆನಿಸ್ ಶ್ಮಾಂಟ್-ಬೆಸ್ಸೆರಾ ಬರವಣಿಗೆಯೇ ಈ ಹರಳುಗಳಿಂದ ಹುಟ್ಟಿತೆಂಬ ವಾದ ಹೂಡಿದರು. ಸಂಖ್ಯೆಗಳ ಮಟ್ಟಿಗೆ ಆ ವಾದ ಗಟ್ಟಿಯಾಗಿದೆ. ಎಲ್ಲ ಅಕ್ಷರಗಳೂ ಹರಳಿನ ಚಿತ್ರಗಳೇ ಎಂಬ ಮಾತನ್ನು ಹೆಚ್ಚಿನ ತಜ್ಞರು ಒಪ್ಪುವುದಿಲ್ಲ, ನನಗೂ ಅದು ಎಳೆದು ತಂದದ್ದೆನಿಸುತ್ತದೆ.

ಉಂಡೆಯ ಜಾಗಕ್ಕೆ ಚಪ್ಪಟೆ ಮಣ್ಣಿನ ಫಲಕ ಬಂತು. ಮೊದಲ ಫಲಕಗಳಲ್ಲಿ ಸಂಖ್ಯೆ ಮತ್ತು ಮುದ್ರೆ, ಅಷ್ಟೇ ಇರುತ್ತಿದ್ದವು. ಸ್ವಲ್ಪದರಲ್ಲೇ ಸಂಖ್ಯೆಯ ಪಕ್ಕ ಚಿತ್ರಾಕ್ಷರ ಬಂದವು: ಜವೆಗೋಧಿ, ಕುರಿ, ಬಟ್ಟೆ, ಬಿಯರ್. ಊರುಕ್‌ನಲ್ಲಿ ಸಿಕ್ಕ ಈ ಆದಿಕಾಲದ ಫಲಕಗಳೂ ಚೂರುಗಳೂ ಸೇರಿ ಸುಮಾರು 5,000. ಬಹುಪಾಲು ಲೆಕ್ಕಪತ್ರ, ಉಳಿದವು ಲಿಪಿಕಾರರು ಕಲಿಯಲು ಬರೆದ ಪದಪಟ್ಟಿ. ಕತೆ, ಹಾಡು, ಪ್ರಾರ್ಥನೆ ಒಂದೂ ಇಲ್ಲ. ಲೆಕ್ಕದ ಪದ್ಧತಿಯೂ ಸರಕಿಗೆ ತಕ್ಕಂತೆ ಬೇರೆ ಬೇರೆ. ಕುರಿ ಎಣಿಸುವಾಗ ದುಂಡನೆಯ ಗುರುತು ಚಿಕ್ಕ ಗುರುತಿನ ಹತ್ತರಷ್ಟು. ಜವೆಗೋಧಿ ಅಳೆಯುವಾಗ ಅದೇ ದುಂಡನೆಯ ಗುರುತು ಆರರಷ್ಟು ಮಾತ್ರ. ಯಾವ ಸರಕೆಂದು ಗೊತ್ತಿಲ್ಲದೆ ಸಂಖ್ಯೆಯನ್ನು ಓದುವಂತೆಯೇ ಇಲ್ಲ. ಹಾನ್ಸ್ ನಿಸ್ಸೆನ್, ಪೀಟರ್ ಡಾಮೆರೋವ್, ರಾಬರ್ಟ್ ಎಂಗ್ಲಂಡ್ ಇದನ್ನು ಬಿಡಿಸಲು ವರ್ಷಗಟ್ಟಲೆ ಕೂತರು.

ಇಂಥ ಸುಮಾರು ಹದಿನೆಂಟು ಫಲಕಗಳಲ್ಲಿ ‘ಕುಶಿಮ್’ ಎಂದು ಓದುವ ಗುರುತುಗಳಿವೆ. ಅದು ಮನುಷ್ಯನ ಹೆಸರೋ ಹುದ್ದೆಯೋ ಎಂಬ ಚರ್ಚೆ ಮುಗಿದಿಲ್ಲ. ಬಿಯರ್ ತಯಾರಿಕೆಗೆ ಜವೆಗೋಧಿ ಪಡೆದ ಲೆಕ್ಕ ಅದು. ಒಂದು ಫಲಕದಲ್ಲಿ 37 ತಿಂಗಳ ಅವಧಿಗೆ ಸುಮಾರು 1,35,000 ಲೀಟರಿನಷ್ಟು ಧಾನ್ಯ ಇದೆ. ಅಷ್ಟು ಧಾನ್ಯ ಒಬ್ಬನ ಹೆಸರಿನಲ್ಲಿ ಓಡಾಡುವಾಗ ಬಾಗಿಲಿಗೆ ಹಚ್ಚಿದ ಮಣ್ಣೊಂದೇ ಸಾಲದೆಂಬುದು ಯಾರಿಗಾದರೂ ತಿಳಿಯುತ್ತದೆ.

ಬರವಣಿಗೆ ಬಂದ ಕೂಡಲೇ ಮುದ್ರೆ ಹಿಂದೆ ಸರಿಯಿತೆಂದು ತಿಳಿಯಬೇಡಿ. ಫಲಕಗಳ ಮೇಲೆ ಅದು ಕಡಿಮೆಯಾಯಿತು, ನಿಜ. ಬಾಗಿಲುಗಳ ಮೇಲೆ ಹಾಗೇ ಮುಂದುವರಿಯಿತು. ಊರ್‌ನ ರಾಜಸಮಾಧಿಗಳನ್ನು ತೋಡಿದ್ದೇ ಹಳೆಯ ಕಸದ ಪದರಗಳಲ್ಲಿ. ಲಿಯೊನಾರ್ಡ್ ವೂಲಿ ಅಗೆದಾಗ ಆ ಪದರಗಳ ತುಂಬ ಮುದ್ರೆಮಣ್ಣಿನ ತುಂಡುಗಳಿದ್ದವು, 1936ರಲ್ಲಿ ಲೆಯೊನ್ ಲೆಗ್ರೇನ್ ಅವುಗಳನ್ನು ಪ್ರಕಟಿಸಿದರು. ಕೆಲವು ಮುದ್ರೆಗಳಲ್ಲಿ ಚಿತ್ರದ ಬದಲು ಪಟ್ಟಣಗಳ ಹೆಸರುಗಳೇ ಸಾಲಾಗಿವೆ. ಅದಕ್ಕೂ ಸ್ವಲ್ಪ ಹಿಂದಿನ, ಕ್ರಿ.ಪೂ. 3000ದ ಸುಮಾರಿನ ಜೆಮ್ದೆತ್ ನಸ್ರ್‌ನ ಹತ್ತಕ್ಕೂ ಹೆಚ್ಚು ಫಲಕಗಳ ಮೇಲೆ ಇಂಥದೇ ಒಂದು ಮುದ್ರೆ ಉರುಳಿದೆ. ಊರ್, ಲಾರ್ಸಾ, ನಿಪ್ಪುರ್, ಊರುಕ್, ಕೇಶ್, ಜಬಾಲಮ್ ಹೆಸರುಗಳು ಅದರಲ್ಲಿವೆ. ಫಲಕದಲ್ಲಿ ಬರೆದ ಸರಕೋ, ಒಣಹಣ್ಣಿನಂಥ ಅಲ್ಪಸ್ವಲ್ಪ ಪದಾರ್ಥ. ಹಲವು ಪಟ್ಟಣಗಳು ಸೇರಿ ಒಂದು ದೇವಸ್ಥಾನಕ್ಕೆ, ಬಹುಶಃ ಊರುಕ್‌ನ ಇನಾನ್ನಾ ದೇವಿಗೆ, ಕಾಣಿಕೆ ಒಪ್ಪಿಸುತ್ತಿದ್ದವೆಂದು ಕೆಲವರ ವಾದ. ಒಬ್ಬ ಅಧಿಕಾರಿಯ ಗುರುತಾಗಿದ್ದ ಮುದ್ರೆ ಇಲ್ಲಿ ಪಟ್ಟಣಗಳ ಒಕ್ಕೂಟಕ್ಕೆ ಬಂದಿದೆ.

ಕ್ರಿ.ಪೂ. 24ನೆಯ ಶತಮಾನಕ್ಕೆ ಬಂದರೆ ಲಗಾಶ್ ರಾಜ್ಯದ ಗಿರ್ಸು ಪಟ್ಟಣದಲ್ಲಿ ರಾಣಿಯ ಮನೆತನದ 1,500ಕ್ಕೂ ಹೆಚ್ಚು ಲೆಕ್ಕಫಲಕಗಳಿವೆ. ತಿಂಗಳು ತಿಂಗಳಿಗೂ ಜವೆಗೋಧಿಯ ಪಡಿ ಯಾರಿಗೆ ಎಷ್ಟು ಹೋಯಿತೆಂಬ ಪಟ್ಟಿ, ಅಳೆದುಕೊಟ್ಟ ಮೇಲ್ವಿಚಾರಕ ಎನ್ನಿಗ್ಗಲನ ಹೆಸರು ಮತ್ತೆ ಮತ್ತೆ. ಆಗ ಲಗಾಶ್‌ನ ದೊರೆಯಾಗಿದ್ದ ಲುಗಲಂದನ ಮುದ್ರೆ ನಮಗೆ ತಿಳಿದಿರುವುದು ಮಣ್ಣಿನ ಮೇಲಿನ ಅಚ್ಚುಗಳಿಂದ. ಅಷ್ಟೊಂದು ಬರೆದಿಟ್ಟ ಮನೆತನವೂ ಮಣ್ಣಿಗೆ ಮುದ್ರೆ ಒತ್ತುವುದನ್ನು ಬಿಡಲಿಲ್ಲ.

ದೊಡ್ಡ ತಿರುವು ಬಂದದ್ದು ಊರ್‌ನ ಮೂರನೆಯ ರಾಜವಂಶದಲ್ಲಿ, ಕ್ರಿ.ಪೂ. 2112ರಿಂದ 2004ರವರೆಗೆ. ಮುದ್ರೆ ಸರಕಿನ ಮೇಲಿಂದ ಕಾಗದಪತ್ರಕ್ಕೆ, ಅಂದರೆ ಫಲಕಕ್ಕೆ, ದೊಡ್ಡ ಪ್ರಮಾಣದಲ್ಲಿ ಹತ್ತಿತು. ಇಂಥವನಿಂದ ಇಂಥವನು ಇಷ್ಟು ಪಡೆದನೆಂದು ಬರೆದು, ಪಡೆದವನ ಮುದ್ರೆಯನ್ನು ಅಕ್ಷರಗಳ ಮೇಲೇ ಉರುಳಿಸುತ್ತಿದ್ದರು. ಮುದ್ರೆಯಲ್ಲಿ ಈಗ ಹೆಸರು, ತಂದೆಯ ಹೆಸರು, ಹುದ್ದೆ ಇರುತ್ತಿತ್ತು. ಕೆಲವು ಫಲಕಗಳಿಗೆ ಮಣ್ಣಿನದೇ ಲಕೋಟೆ ಹೊದಿಸಿ, ಒಳಗಿನ ಸಾರಾಂಶವನ್ನು ಲಕೋಟೆಯ ಮೇಲೂ ಬರೆದು ಮುದ್ರೆ ಹಾಕುತ್ತಿದ್ದರು. ಹೊರಗಿನದ್ದನ್ನು ತಿದ್ದಿದರೆ ಒಳಗಿನದ್ದು ಸಾಕ್ಷಿ. ಈ ಒಂದು ಶತಮಾನದಿಂದಲೇ ಸುಮಾರು ಒಂದು ಲಕ್ಷ ಫಲಕಗಳು ಇಂದು ಗೊತ್ತಿವೆ.

ನಮ್ಮ ಕಡೆಗೂ ಈ ಎಳೆ ಬಂದಿದೆ. ಸಿಂಧೂ ಕಣಿವೆಯ ಒಂಟಿಕೊಂಬಿನ ಪ್ರಾಣಿಯ ಮುದ್ರೆ ಒತ್ತಿದ ಮಣ್ಣಿನ ತುಂಡೊಂದು ಸುಮೇರಿಯಾದ ಉಮ್ಮಾದಿಂದ ಬಂದದ್ದೆಂದು 1925ರಲ್ಲಿ ಪ್ರಕಟವಾಯಿತು. ಅದರ ಬೆನ್ನಲ್ಲಿ ಬಟ್ಟೆಯ ನೇಯ್ಗೆ ಇದೆ. ಗುಜರಾತಿನ ಲೋಥಾಲ್‌ನಲ್ಲಿ 1950ರ ದಶಕದಲ್ಲಿ ಅಗೆದವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ ಶಿಕಾರಿಪುರ ರಂಗನಾಥ ರಾವ್, ಎಲ್ಲರಿಗೂ ಎಸ್. ಆರ್. ರಾವ್. ಬೆಂಕಿಗೆ ಸಿಕ್ಕ ಅಲ್ಲಿನ ಉಗ್ರಾಣದಲ್ಲಿ 60ಕ್ಕೂ ಹೆಚ್ಚು ಮುದ್ರೆಮಣ್ಣುಗಳು ದೊರೆತವು, ಬೆನ್ನಲ್ಲಿ ಹುರಿ, ಚಾಪೆ, ಬಟ್ಟೆಯ ಗುರುತು. ಹರಪ್ಪಾದ ಲಿಪಿಯನ್ನು ಓದಲಾಗದಿದ್ದರೂ ಈ ಬೆನ್ನುಗಳನ್ನು ಓದಬಹುದು.

ಮುದ್ರೆ ಕಳೆದುಹೋದರೆ? ಅದಕ್ಕೂ ವಿಧಿಯಿತ್ತು. ನಿಪ್ಪುರದ ಒಂದು ಪಾಠದಲ್ಲಿ ಉರ್-ದುನ್ ಎಂಬ ವ್ಯಾಪಾರಿಯ ಹೆಸರು ಕೆತ್ತಿದ ಮುದ್ರೆ ಕಳೆದಿದೆ. ಸಭೆಯ ಅಪ್ಪಣೆಯಂತೆ ಸಾರುವವನು ಬೀದಿ ಬೀದಿಯಲ್ಲಿ ಕೊಂಬು ಊದಿಸಿ ಸುದ್ದಿ ಸಾರಿದ್ದಾನೆ. ಆ ದಿನದಿಂದ ಮುಂದೆ ಯಾರೂ ಆ ವ್ಯಾಪಾರಿಯ ಮೇಲೆ ಹಕ್ಕು ಸಾಧಿಸುವಂತಿಲ್ಲ. ಮುದ್ರೆ ಯಾರ ಕೈಗೆ ಸಿಕ್ಕಿ ಯಾವ ಸಾಲದ ಫಲಕದ ಮೇಲೆ ಉರುಳಿದರೂ ಅವನು ಹೊಣೆಯಲ್ಲ. ಕೊನೆಯಲ್ಲಿ ಸಾಕ್ಷಿಗಳ ಹೆಸರಿದೆ. ಕ್ರಿ.ಪೂ. 2ನೆಯ ಸಹಸ್ರಮಾನದ ಆರಂಭದ ಶಾಲೆಗಳಲ್ಲಿ ಲಿಪಿಕಾರರಾಗಲಿರುವ ಹುಡುಗರು ಈ ಪ್ರಕಟಣೆಯನ್ನು ಮಾದರಿ ಪತ್ರಗಳ ಜೊತೆ ನಕಲು ಮಾಡಿ ಕಲಿಯುತ್ತಿದ್ದರು.